ಹೆಕ್ಕುವ ಕೆಲಸ

ಮೊದಲು ನನ್ನಲ್ಲಿ ಒಂದೇ ಶಬ್ದ ಇತ್ತು.
ಮಾಲಕರು ಬೈದರೆ ಬೇಜಾರು,
ಬೈಯದೆ ಸುಮ್ಮನೆ ನೋಡಿದರೂ ಬೇಜಾರು,
ವಾರಿಜ ತವರಿಗೆ ಹೋದರೆ, ವಾಪಸು ಬಂದರೆ,
ಬೋಟು ತುಂಬ ಮೀನು ಬಂದು ಕ್ರಯ ಬಿದ್ದರೆ,
ಮಳೆಗಾಲಕ್ಕೆ ಬೋಟುಗಳೆಲ್ಲ ಕಟ್ಟಿ ಕೂತರೆ,
ಸಂಜೆಯಾದರೆ.
ಬೇಜಾರಿಗೆಂದೇ ಒಂದು ಅಂಗಡಿ ಇತ್ತು ಬಸ್‌ಸ್ಟ್ಯಾಂಡಿನ ಹಿಂದೆ.
ಶಟರು ಅರ್ಧ ಇಳಿದಿದ್ದರೂ
ಬಗ್ಗಿ ಒಳಗೆ ಹೋಗುವುದು ನನ್ನ ಸೊಂಟಕ್ಕೆ ಗೊತ್ತಿತ್ತು.

ಈಗ ತೊಂಬತ್ತಾರು ದಿನ.
ಎಣಿಸಬೇಡ ಅನ್ನುವವರಿದ್ದಾರೆ, ಎಣಿಸು ಅನ್ನುವವರಿದ್ದಾರೆ.
ನಾನು ಐಸ್ ಪ್ಲಾಂಟಿನವ,
ಬ್ಲಾಕು ಎಣಿಸಿಯೇ ನನಗೆ ಸಂಬಳ,
ಎಣಿಸದೆ ಇರಲಿಕ್ಕೆ ಬರುವುದಿಲ್ಲ.

ಮಲ್ಪೆಯ ದಕ್ಕೆಯಲ್ಲಿ ಬೆಳಗಿನ ನಾಲ್ಕಕ್ಕೆ
ಅಪ್ಪಿಯಕ್ಕ ಮೀನು ಹೆಕ್ಕಲು ಕೂರುತ್ತಾಳೆ.
ಕಣ್ಣು ನನ್ನ ಮೇಲೆ, ಬಾಯಲ್ಲಿ ಎಲೆಯಡಿಕೆ,
ಮಾತು ಮೊಮ್ಮಗಳ ಹಲ್ಲಿನದು.
ಕೈ ತನ್ನಷ್ಟಕ್ಕೆ
ಬಂಗುಡೆಯನ್ನು ಬಂಗುಡೆಯ ಬುಟ್ಟಿಗೆ,
ಬೂತಾಯಿಯನ್ನು ಬೂತಾಯಿಯದಕ್ಕೆ,
ಕೊಡ್ಡಾಯಿ ಅತ್ತ, ಸಿಗಡಿ ಇತ್ತ.
ತೇಡೆ ಬಂದರೆ ಮಾತ್ರ ಮಾತು ನಿಲ್ಲುತ್ತದೆ,
ಮುಳ್ಳಿನ ಜಾತಿ,
ತಲೆಯ ಹಿಂದಿನಿಂದ ಹಿಡಿಯಬೇಕು.

ಇದೆಲ್ಲ ಯಾಕೆ, ಒಟ್ಟಿಗೇ ತುಂಬಿಸಬಾರದಾ ಎಂದೆ.
"ಎಂಥದು ಮಾರಾಯ," ಎಂದಳು,
"ಒಟ್ಟಿಗೆ ಇಟ್ಟರೆ ಒಟ್ಟಿಗೇ ಕೊಳೆಯುತ್ತದೆ."

ಮೊನ್ನೆ ಶನಿವಾರ ಮಾಲಕರ ತಮ್ಮ ಧನಪಾಲ
ಲೋಡಿಂಗಿನ ಹುಡುಗರೆಲ್ಲ ನಿಂತಿರುವಾಗಲೇ ಹೇಳಿದ,
"ಕೀ ಕೊಡುವ ಮೊದಲು ಶೀನನ ಬಾಯಿ ಮೂಸಿ ನೋಡಿ."
ಹುಡುಗರು ನಕ್ಕರು. ಒಬ್ಬ ನಗಲಿಲ್ಲ, ಅದು ಹೆಚ್ಚು ಉರಿಯಿತು.
ಕಾಲು ಬಸ್‌ಸ್ಟ್ಯಾಂಡಿನ ಕಡೆ ತಿರುಗಿಯಾಗಿತ್ತು.
ಕ್ರಷರಿನ ಹಿಂದೆ ಹೋಗಿ ಕೂತೆ,
ಅಲ್ಲಿ ಬೊಬ್ಬೆ ಹಾಕಿದರೂ ಯಾರಿಗೂ ಕೇಳುವುದಿಲ್ಲ.
ಒಳಗೆ ಕೈ ಹಾಕಿದೆ.

ಮೇಲೆಯೇ ಸಿಕ್ಕಿತು ಸಿಟ್ಟು, ತೇಡೆಯಷ್ಟು ದಪ್ಪ.
ತಲೆಯ ಹಿಂದಿನಿಂದ ಹಿಡಿದು ಬದಿಗಿಟ್ಟೆ.
ಅದರಡಿ ಅವಮಾನ.
ಅವಮಾನದಡಿ, ಹಿಡಿದರೆ ಜಾರುವ ಒಂದು:
ಹೋದ ವರ್ಷ ಕೀ ನನ್ನ ಕಿಸೆಯಲ್ಲಿದ್ದ ರಾತ್ರಿ
ಕಂಪ್ರೆಸರು ಕೈಕೊಟ್ಟು ಒಂದೇ ಸಮನೆ ಗಂಟೆ ಹೊಡೆದಿತ್ತು,
ನಾನು ಗೋಣಿಯ ಮೇಲೆ ಗೊರಕೆ.
ಇನ್ನೂರು ಬ್ಲಾಕು ನೀರಾಗಿ ಚರಂಡಿಯಲ್ಲಿ ಹೋಗಿತ್ತು.
ಧನಪಾಲ ಸುಳ್ಳನಲ್ಲ. ತಡವಾಗಿ ಹೇಳಿದ ಅಷ್ಟೆ.

ಎಲ್ಲಕ್ಕಿಂತ ಅಡಿಯಲ್ಲಿ ಇದ್ದದ್ದು ಹಸಿವು.
ಬೆಳಿಗ್ಗೆ ಗಂಜಿ ಉಣ್ಣದೆ ಬಂದಿದ್ದೆ.
ಎದುರಿನ ಹೋಟೆಲಿಗೆ ಹೋಗಿ
ಎರಡು ಪ್ಲೇಟು ಗೋಳಿಬಜೆ ತಿಂದೆ,
ಚಟ್ನಿ ಮೂರು ಸಲ ಕೇಳಿದೆ.
ಸಿಟ್ಟು ಇನ್ನೂ ಇತ್ತು, ಆದರೆ ಬುಟ್ಟಿಯಲ್ಲಿ.

ಎಲ್ಲ ಸಲ ಹೀಗಾಗುವುದಿಲ್ಲ.
ಸಂಜೆ ಆರೂವರೆಗೆ, ಬೀಚಿನ ಲೈಟು ಹೊತ್ತುವ ಹೊತ್ತಿಗೆ,
ಒಂದು ಬರುತ್ತದೆ.
ಸಿಟ್ಟಲ್ಲ, ದುಃಖವೂ ಅಲ್ಲ, ಹೆದರಿಕೆಯ ಹಾಗಿದೆ ಆದರೆ ಅಲ್ಲ.
ಯಾವ ಬುಟ್ಟಿಗೂ ಹೋಗುವುದಿಲ್ಲ.
ಹೆಸರು ಗೊತ್ತಿಲ್ಲದ ಮೀನನ್ನು ಎಂಥ ಮಾಡುತ್ತಿ ಎಂದು ಕೇಳಿದೆ.
"ಫಿಶ್‌ಮಿಲ್ಲಿಗೆ," ಎಂದಳು ಅಪ್ಪಿಯಕ್ಕ,
"ಲಾರಿ ಬರುವುದು ಬೆಳಿಗ್ಗೆಯೇ. ಅಲ್ಲಿವರೆಗೆ ಸ್ವಲ್ಪ ಐಸು ಹಾಕಿಡು."

ಐಸು ನನ್ನಲ್ಲಿ ಬೇಕಾದಷ್ಟು ಉಂಟು.

ನಿನ್ನೆ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ
ವಾರಿಜ ನನ್ನ ಅಂಗಿಯ ಕಿಸೆ ನೋಡುವವಳ ಹಾಗೆ ಮಾಡಿ
ಕಾಲರನ್ನು ಮೂಗಿಗೆ ಹಿಡಿದಳು.
ನಾನು ಬಾಗಿಲಲ್ಲಿದ್ದೆ. ನೋಡಿದೆ. ನೋಡಿದ್ದನ್ನು ಅವಳೂ ನೋಡಿದಳು.
ಮೊದಲಾದರೆ ಬಾಲ್ದಿ ಹಾರಿ ತೆಂಗಿನ ಬುಡಕ್ಕೆ ಬೀಳುತ್ತಿತ್ತು.
ಬಾಲ್ದಿ ಅಲ್ಲೇ ಇತ್ತು.

ಹತ್ತಿರ ಹೋಗಿ, ಬಗ್ಗಿ,
ಅವಳ ಮುಖಕ್ಕೆ ಒಂದು ಉಸಿರು ಬಿಟ್ಟೆ, ಉದ್ದಕ್ಕೆ.
ಕಣ್ಣು ಮುಚ್ಚಿ ತುಂಬ ಹೊತ್ತು ಮೂಸಿದಳು,
ಪರೀಕ್ಷೆಯ ಪೇಪರು ತಿದ್ದುವ ಟೀಚರಿನ ಹಾಗೆ.
"ಚಾ," ಎಂದಳು. "ಬೆಳ್ಳುಳ್ಳಿ."
ಆಮೇಲೆ, "ನಾಳೆಯೂ ಮೂಸುತ್ತೇನೆ."
ಮೂಸು ಎಂದೆ.
ಅಂಗಿಯನ್ನು ನೀರಿಗೆ ಹಾಕಿದಳು.